ದೇವಿ ಹಾಕಿಸಿದ ತೋಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ವಯಸ್ಸಾದ ಹೆಣ್ಣುಮಕ್ಕಳ ಬಾಯಲ್ಲಿ ‘ಲಸಿಕೆ’ ಎಂಬ ಶಬ್ದ ಅಷ್ಟು ಸುಲಭವಾಗಿ ಹೊರಳುವುದಿಲ್ಲ. ಪೋಲಿಯೋದ ಮದ್ದಾದರೆ ‘ಹನಿ’, ಉಳಿದುದೆಲ್ಲ ‘ಸೂಜಿ’. ಇವೆರಡಕ್ಕೂ ಹಿಂದಿನದು ಇನ್ನೊಂದು ಮಾತಿದೆ: ‘ದೇವಿ ಹಾಕಿಸುವುದು’. ಸಿಡುಬಿನ ಬೇನೆಗೂ ದೇವಿಯೆಂದೇ ಹೆಸರು. ಆ ಬೇನೆ ಬಾರದಿರಲೆಂದು ತೋಳಿಗೆ ಚುಚ್ಚುವ ಮದ್ದಿಗೂ ದೇವಿಯೆಂದೇ ಹೆಸರು. ಚುಚ್ಚಲು ಬರುವ ಸರಕಾರೀ ನೌಕರನೂ ‘ದೇವಿ ಡಾಕ್ಟರ’. ಕನ್ನಡ ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡ ನನಗೆ ರೋಗಕ್ಕೂ ಮದ್ದಿಗೂ ಒಂದೇ ಹೆಸರು ಬಂದ ಬಗೆ ಹೇಗೆಂಬ ಕುತೂಹಲ ಬಹುದಿನಗಳಿಂದ ಇತ್ತು. ಅದನ್ನು ಬೆನ್ನಟ್ಟಿ ಹೋದಂತೆ ಅದು ಬರಿಯ ಶಬ್ದದ ಕಥೆಯಾಗಿ ಉಳಿಯಲಿಲ್ಲ. ಕೂಸನ್ನು ಮಡಿಲಲ್ಲಿಟ್ಟುಕೊಂಡು ‘ಹಾಕಿಸಲೋ ಬೇಡವೋ’ ಎಂದು ತೂಗಿ ನೋಡಿದ ಬಾಣಂತಿಯರ ಕಥೆಯಾಯಿತು.

ಹಳೆಯ ಮೈಸೂರಿನ ಕಡೆ ಇದಕ್ಕೆ ‘ದಾಕು ಹಾಕುವುದು’ ಎನ್ನುತ್ತಿದ್ದರು. ಬೇನೆಯನ್ನು ‘ಮೈಲಿ’ ಎಂದು ಕರೆಯುವವರೂ ಉಂಟು. ನಮ್ಮ ಭಾಗದಲ್ಲಿ ಮರಾಠಿಯ ಒಡನಾಟದಿಂದಲೋ ಏನೋ ‘ದೇವಿ’ಯೇ ನೆಲೆ ನಿಂತಳು. ಮೈಮೇಲೆ ಗುಳ್ಳೆಯೆದ್ದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಹೊರಗಿನವರು ಒಳಗೆ ಬರಬಾರದು, ಬೇವಿನ ಸೊಪ್ಪಿನಲ್ಲಿ ಗಾಳಿ ಹಾಕಬೇಕು, ಮೊಸರನ್ನದ ಎಡೆ ಒಯ್ಯಬೇಕು, ‘ರೋಗ ಬಂದಿದೆ’ ಎನ್ನದೆ ‘ಅವ್ವ ಬಂದಿದ್ದಾಳೆ’ ಎನ್ನಬೇಕು. ಇವನ್ನೆಲ್ಲ ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಅವಸರ ನನಗಿಲ್ಲ. ಬಂದವರನ್ನು ಬಾಗಿಲಲ್ಲೇ ತಡೆಯುವ ನೇಮವು ಸೋಂಕನ್ನೂ ಅಷ್ಟಿಷ್ಟು ತಡೆದಿರಬೇಕು. ಮಕ್ಕಳ ಬೇನೆಯನ್ನು ಗ್ರಹದ ಕಾಟವೆಂದು ತಿಳಿದು ಮದ್ದು ಹುಡುಕಿದ್ದು ಹಳ್ಳಿಗರೊಬ್ಬರೇ ಅಲ್ಲ, ಕ್ರಿ.ಶ. 1200ರ ಸುಮಾರಿನ ದೇವೇಂದ್ರಮುನಿಯ ವೈದ್ಯಗ್ರಂಥದ ಹೆಸರೇ ‘ಬಾಲಗ್ರಹಚಿಕಿತ್ಸೆ’.

ಇನ್ನು ‘ಲಸಿಕೆ’. ಇಂದು ಸುಶಿಕ್ಷಿತರ ಮಾತಾಗಿರುವ ಈ ಶಬ್ದದ ಮೂಲದಲ್ಲಿ ಔಷಧವೆಂಬ ಅರ್ಥವೇ ಇಲ್ಲ. ಸಂಸ್ಕೃತದ ‘ಲಸೀಕಾ’ ಎಂದರೆ ದೇಹದೊಳಗಿನ ನೀರಿನಂಥ ರಸ. ಮರಾಠಿಯ ‘ಲಸ’ವೂ ಅದೇ. ಗುಳ್ಳೆಯನ್ನು ಚುಚ್ಚಿದರೆ ಒಸರುವ ತಿಳಿನೀರು ಅದು. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಲಸಿಕೆಯೆಂದರೆ ಅಕ್ಷರಶಃ ಇದೇ ಆಗಿತ್ತು, ಒಂದು ಕೂಸಿನ ತೋಳಿನಿಂದ ತೆಗೆದು ಇನ್ನೊಂದು ಕೂಸಿನ ತೋಳಿಗೆ ಹಾಕುವ ರಸ. ತಾಯಂದಿರ ತಕರಾರೆಲ್ಲ ಹುಟ್ಟಿದ್ದು ಇಲ್ಲಿಂದಲೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಾಲು ಕರೆಯುವ ಹೆಂಗಸರ ಕೈಗೆ ಹಸುವಿನ ಸಿಡುಬು ಅಂಟಿದರೆ ಅವರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂಬುದು ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನ ಬಲ್ಲ ಮಾತಾಗಿತ್ತು. ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು 1796ರಲ್ಲಿ ಅಂಥ ಹೆಂಗಸೊಬ್ಬಳ ಕೈಯ ಗುಳ್ಳೆಯ ರಸವನ್ನು ಹುಡುಗನೊಬ್ಬನ ತೋಳಿಗೆ ಹಾಕಿ ಈ ಮಾತನ್ನು ಪರೀಕ್ಷಿಸಿದ. 1798ರಲ್ಲಿ ಪುಸ್ತಕ ಪ್ರಕಟಿಸಿದ. ನಾಲ್ಕೇ ವರ್ಷಗಳಲ್ಲಿ ಆ ರಸ ಬಾಗ್ದಾದ, ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ಮೊದಲ ಬಾರಿಗೆ ಹಿಡಿಯಿತು. ಅವಳಿಂದ ಬೇರೆ ಮಕ್ಕಳಿಗೆ, ಆ ಮಕ್ಕಳಿಂದ ಪುಣೆ, ಹೈದರಾಬಾದು, ಮದರಾಸುಗಳಿಗೆ. ಆ ಹುಡುಗಿ ಶಾಂತ ಸ್ವಭಾವದವಳಾಗಿದ್ದಳೆಂದು ವೈದ್ಯರು ಬರೆದಿಟ್ಟಿದ್ದಾರೆ. ಅವಳ ತಾಯಿಯ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರಿಲ್ಲ.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಕೂಸಿನ ತೋಳನ್ನು ಗೀರಿ ರಸ ಹಚ್ಚುತ್ತಿದ್ದರು. ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ತುಂಬಿಕೊಳ್ಳುತ್ತಿತ್ತು. ಆಗ ಚುಚ್ಚುವವನು ಮರಳಿ ಬಂದು ಅದನ್ನು ಒಡೆದು, ಒಸರಿದ ರಸವನ್ನು ಮುಂದಿನ ಕೂಸುಗಳಿಗೆ ಹಚ್ಚುತ್ತಿದ್ದ. ಬಿಸಿಲ ದಿನಗಳಲ್ಲಿ ರಸ ಕೆಡುವುದರಿಂದ ಈ ಕೆಲಸವೆಲ್ಲ ಚಳಿಗಾಲದ ತಿಂಗಳುಗಳಲ್ಲಿ ಹೆಚ್ಚು. ಸರಪಳಿ ಕಡಿದರೆ ರಸವೇ ಇಲ್ಲ. ಆದುದರಿಂದ ಗುಳ್ಳೆ ತುಂಬಿದ ಮಕ್ಕಳನ್ನು ತಾಯಿಸಮೇತ ಊರಿಂದೂರಿಗೆ ಒಯ್ಯುವುದೂ ಇತ್ತು. ಈಗ ತಾಯಿಯ ಕಣ್ಣಿನಿಂದ ನೋಡಿರಿ. ತನ್ನ ಕೂಸಿನ ಮೈಯಿಂದ ರಸ ತೆಗೆದರೆ ಕಸುವು ಹೋದೀತೆಂಬ ಅಂಜಿಕೆ ಅವಳಿಗೆ. ಯಾರ ಮನೆಯ, ಯಾವ ಜಾತಿಯ ಕೂಸಿನ ರಸ ತನ್ನ ಕೂಸಿನ ಮೈ ಸೇರಿತೋ ಎಂಬ ಸಂಶಯ ಇನ್ನೊಬ್ಬಳಿಗೆ. ಎರಡನೆಯದರಲ್ಲಿ ಜಾತಿಯ ಅಹಂಕಾರ ಇತ್ತೆನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಬ್ಬರ ಮೈಯ ಬೇರೆ ರೋಗವೂ ರಸದ ಜೊತೆಗೆ ದಾಟಬಹುದೆಂಬುದು ಯುರೋಪಿನಲ್ಲಿಯೇ ಸಿದ್ಧವಾಗಿತ್ತು. ಇಟಲಿಯ ಒಂದು ಊರಿನಲ್ಲಿ 1861ರಲ್ಲಿ ಹೀಗೆಯೇ ಹಲವು ಮಕ್ಕಳಿಗೆ ಉಪದಂಶ ರೋಗ ತಗುಲಿತ್ತು. ಮೇಲಾಗಿ, ಒಮ್ಮೆ ಹಾಕಿಸಿದರೆ ಜನ್ಮಕ್ಕೆ ಸಾಕೆಂದು ಮೊದಮೊದಲು ವೈದ್ಯರೇ ಹೇಳಿದ್ದು ನಿಜವಾಗಲಿಲ್ಲ. ಹಾಕಿಸಿದ ಮಗನೂ ಪ್ರಾಯಕ್ಕೆ ಬಂದ ಮೇಲೆ ದೇವಿಬೇನೆಯಲ್ಲಿ ಮಲಗಿದ್ದನ್ನು ಕಂಡ ತಾಯಿ ಮುಂದಿನ ಕೂಸಿನ ಹೊತ್ತಿಗೆ ಹಿಂದುಮುಂದು ನೋಡಿದರೆ ಅವಳನ್ನು ಅಜ್ಞಾನಿ ಎನ್ನಲು ನನಗೆ ಮನಸ್ಸಾಗದು.

ಈ ಹೊಸ ಪದ್ಧತಿ ನಮ್ಮ ನಾಲ್ಕು ಊರುಗಳಿಗೆ ಒಂದೇ ದಾರಿಯಿಂದ ಬರಲಿಲ್ಲವೆನ್ನುವುದೂ ಮನಗಾಣಬೇಕಾದ ಸಂಗತಿ. ಇಂದು ಎಲ್ಲವೂ ಬಾಗಲಕೋಟೆ ಜಿಲ್ಲೆಯವು. ಆಗ ಹಾಗಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಬನಹಟ್ಟಿ ಅದಕ್ಕೆ ಸೇರಿದ್ದು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ರನ್ನ ಕವಿ ಹುಟ್ಟಿದ ಮುಧೋಳ ಘೋರ್ಪಡೆಯವರದು. ಬೀಳಗಿ ಮಾತ್ರ ನೇರವಾಗಿ ಇಂಗ್ಲಿಷರ ಆಡಳಿತಕ್ಕೆ ಸೇರಿದ ಖಾಲಸಾ ಮುಲಕು. 1885ರ ತನಕ ಕಲಾದಗಿಯೂ ಆ ಬಳಿಕ ವಿಜಾಪುರವೂ ಅದರ ಜಿಲ್ಲಾ ಸ್ಥಳ. ಮುಂಬಯಿ ನಗರಕ್ಕೆ 1877ರಲ್ಲಿ ಕಡ್ಡಾಯದ ಕಾಯಿದೆ ಬಂತು. ಜಿಲ್ಲೆಗಳಿಗೆಂದು 1892ರಲ್ಲಿ ಬೇರೊಂದು ಕಾಯಿದೆಯಾಯಿತು. ಇಂಗ್ಲಿಷರ ಕಾಯಿದೆ ಸಂಸ್ಥಾನದ ಗಡಿಯಲ್ಲಿ ತಾನಾಗಿ ಒಳಗೆ ಕಾಲಿಡುತ್ತಿರಲಿಲ್ಲ. ಅಲ್ಲಿ ಸಂಸ್ಥಾನಿಕರದೇ ವ್ಯವಸ್ಥೆ, ಅವರದೇ ನೌಕರರು. ನಡೆದುಹೋಗುವಷ್ಟು ದೂರದೊಳಗೆ ನಾಲ್ಕು ಸರಕಾರಗಳು!

ಈಗ ನಮ್ಮ ಬಾಣಂತನದ ಪದ್ಧತಿಯನ್ನು ನೆನೆಯಿರಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಬೀಳಗಿಯ ಸೊಸೆ ಬನಹಟ್ಟಿಯ ತವರಿಗೆ ಬಂದು ಹಡೆದರೆ ಕೂಸಿನ ತಂದೆ ಒಂದು ಸರಕಾರದ ಪ್ರಜೆ, ತೊಟ್ಟಿಲು ಇನ್ನೊಂದು ಸರಕಾರದ ನೆಲದಲ್ಲಿ. ಕಾಯಿದೆಯ ಕಣ್ಣಿಗೆ ಕಾಣುವ ಯಜಮಾನ ಹತ್ತಾರು ಮೈಲಿಯಾಚೆ. ದೇವಿ ಡಾಕ್ಟರ ಬಾಗಿಲಲ್ಲಿ ನಿಂತಾಗ ‘ಹೂಂ’ ಎನ್ನುವುದೋ ‘ಊಹೂಂ’ ಎನ್ನುವುದೋ ಬಾಣಂತಿ ಮತ್ತು ಅವಳ ತಾಯಿ, ಇವರಿಬ್ಬರಿಗೇ ಬಿಟ್ಟದ್ದು. ‘ಅವರ ಮನೆಯವರು ಬರಲಿ’ ಎಂಬ ನೆಪವೂ ಅವರ ಕೈಯಲ್ಲಿತ್ತು. ದಫ್ತರಗಳಲ್ಲಿ ಇದು ಎಲ್ಲಿಯೂ ಬರೆದಿರಲಾರದು. ಆದರೆ ನಮ್ಮ ಭಾಗದ ಹೆಣ್ಣುಮಕ್ಕಳ ಬಾಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಸರಕಾರದ ಮನುಷ್ಯ ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುವುದೆಂದರೆ ಜನಕ್ಕೆ ಹಿಡಿಸದ ಸಂಗತಿಯೂ ಹೌದು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಎದ್ದು ನಿಂತು ಊರನ್ನೇ ಸುಡಿಸಿಕೊಂಡ ನೆಲ ಇದು.

ಇಂಥ ಅಪನಂಬಿಕೆಯನ್ನು ಮೀರುವ ದಾರಿಯನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಹುಡುಕಿದರು. ಮದರಾಸಿನಲ್ಲಿ ಎಫ್. ಡಬ್ಲ್ಯೂ. ಎಲ್ಲಿಸ್ ಎಂಬ ವಿದ್ವಾಂಸ ಅಧಿಕಾರಿ ಈ ಮದ್ದು ಗೋವಿನ ವರವೆಂದು ಸಾರುವ ಪುರಾಣದಂಥದೊಂದು ಕಥೆಯನ್ನೇ ಕಟ್ಟಿದ. ಮೈಸೂರಿನಲ್ಲಿ ನಡೆದದ್ದು ಇದಕ್ಕಿಂತ ಸೊಗಸಾಗಿದೆ. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ವರ್ಣಚಿತ್ರವೊಂದಿದೆ. ಮೂವರು ಹೆಂಗಸರು, ಮೈತುಂಬ ಒಡವೆ. ಇವರು ನರ್ತಕಿಯರೆಂದು ಬಹುಕಾಲ ತಿಳಿದಿದ್ದರು. ಇವರು ಮೈಸೂರಿನ ಅರಮನೆಯ ರಾಣಿಯರೆಂದು ಇತಿಹಾಸಕಾರ ನೈಜಲ್ ಚಾನ್ಸೆಲರ್ 2001ರಲ್ಲಿ ವಾದಿಸಿದರು. ಅವರ ಪ್ರಕಾರ ನಡುವೆ ನಿಂತವರು ಅರಮನೆಯ ಹಿರಿಯಜ್ಜಿ ಲಕ್ಷ್ಮಮ್ಮಣ್ಣಿ; ಎಡಬಲದವರು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯರು. ಬಲಗಡೆಯ ರಾಣಿ ಸೆರಗನ್ನು ಸರಿಸಿ ತನ್ನ ತೋಳನ್ನು ತೋರಿಸುತ್ತಿದ್ದಾಳೆ. ದಾಕು ಹಾಕಿಸಿಕೊಂಡ ಜಾಗ ಅದು. ಎಡಗಡೆಯವಳ ತುಟಿಯ ಸುತ್ತ ಮಾಸಿದ ಬಣ್ಣ. ಸಿಡುಬಿನ ಹುಡಿಯನ್ನೇ ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತು ಇದ್ದೀತೆಂದು ಅವರ ಊಹೆ. ದಿವಾನ್ ಪೂರ್ಣಯ್ಯನವರ ಆಡಳಿತದ ಕಾಲವದು.

ಇದು ರಾಣಿಯರ ಚಿತ್ರವೇ ಅಲ್ಲವೇ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಚಾನ್ಸೆಲರ್ ಹೇಳುವುದು ಸರಿಯಾದರೆ, ಆ ಚಿತ್ರ ಬರೆಸಿದವರಿಗೆ ಒಂದು ಗುಟ್ಟು ತಿಳಿದಿತ್ತೆನ್ನಬೇಕು. ಪುರಾಣ ಕಟ್ಟಲಿಲ್ಲ, ದಂಡದ ಭಯ ಹಾಕಲಿಲ್ಲ. ಒಬ್ಬ ಹೆಣ್ಣುಮಗಳು ತನ್ನ ತೋಳು ತೋರಿಸಿದಳು, ಅಷ್ಟೇ.

ನಮ್ಮ ಕಡೆ ಅರಮನೆಯ ಚಿತ್ರವೂ ಬರಲಿಲ್ಲ, ಎಲ್ಲಿಸನ ಕಥೆಯೂ ಬರಲಿಲ್ಲ. ಆದರೆ ಜನ ತಾವೇ ಒಂದು ಶಬ್ದದಿಂದ ಆ ಕೆಲಸ ಮಾಡಿಕೊಂಡರೆಂದು ನನ್ನ ಎಣಿಕೆ. ಮದ್ದನ್ನು ದೇವಿಗೆ ಎದುರಾಳಿಯಾಗಿ ನಿಲ್ಲಿಸಿದ್ದರೆ ಯಾವ ತಾಯಿಯೂ ಕೂಸನ್ನು ಮುಂದೆ ಚಾಚುತ್ತಿರಲಿಲ್ಲ. ಆ ಮುನಿಸನ್ನು ಹೊರುವವರು ಯಾರು? ಮದ್ದೇ ದೇವಿಯಾದರೆ ಜಗಳವಿಲ್ಲ. ದೊಡ್ಡ ರೂಪದಲ್ಲಿ ಬಂದು ಮನೆ ಹಾಳುಮಾಡುವವಳನ್ನು ಸಣ್ಣ ರೂಪದಲ್ಲಿ ತೋಳಿನ ಮೇಲೆ ಕರೆಸಿ, ಎಂಟು ದಿನ ಉಪಚರಿಸಿ ಕಳಿಸಿಕೊಡುವುದು. ತೋಳಿನ ಗುಳ್ಳೆ ಮಾಗುವ ತನಕ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲವೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ವೈದ್ಯಶಾಸ್ತ್ರ ಹೇಳುವುದೂ ಇದಕ್ಕೆ ಬಹಳ ದೂರದ್ದಲ್ಲ: ದೊಡ್ಡ ಸಿಡುಬಿನ ಸೌಮ್ಯ ಸ್ವಭಾವದ ಬಂಧುವೊಂದನ್ನು ಮೈಗೆ ಪರಿಚಯ ಮಾಡಿಸಿದರೆ ಮೈ ಆ ವಂಶವನ್ನೇ ಗುರುತಿಟ್ಟುಕೊಳ್ಳುತ್ತದೆ.

ತೋಳಿನಿಂದ ತೋಳಿಗೆ ಹಾಕುವ ರೂಢಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಿಂದೆ ಸರಿಯಿತು. ಕರುಗಳ ಮೈಮೇಲೆ ಬೆಳೆಸಿದ ರಸ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಲಸಿಕಾ ಸಂಸ್ಥೆ ಸ್ಥಾಪನೆಯಾದ ಮೇಲೆ ಮುಂಬಯಿ ಇಲಾಖೆಗೆ ಅಲ್ಲಿಂದಲೇ ಪೂರೈಕೆ. ಬೆಳಗಾವಿಯ ಟಿಳಕವಾಡಿಯ ‘ವ್ಯಾಕ್ಸಿನ್ ಡಿಪೋ’ ಎಂದರೆ ಇಂದು ಬೆಳಗಿನ ವಾಯುಸೇವನೆಯ ಜಾಗವೆಂದೇ ಹೆಚ್ಚು ಜನರಿಗೆ ಪರಿಚಯ. ಭಾರತದಿಂದ ಸಿಡುಬನ್ನು ನಿರ್ಮೂಲ ಮಾಡಲು ಬೇಕಾದ, ಬಿಸಿಲಿಗೆ ಕೆಡದ ಒಣ ಲಸಿಕೆಯನ್ನು ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದೆಂಬುದು ಮರೆತೇಹೋಗಿದೆ. ಜಮಖಂಡಿಯ ಬಿಸಿಲಿನಲ್ಲಿ ಅದು ಎಂಥ ಉಪಕಾರವೆಂದು ಹೇಳಬೇಕಾಗಿಲ್ಲ.

ರಸ ಬದಲಾದರೂ ನೋವು ಮಾತ್ರ ಬದಲಾಗಲಿಲ್ಲ. ಹಲ್ಲುಹಲ್ಲಾದ ದುಂಡು ತುದಿಯ ಸಲಕರಣೆಯನ್ನು ತೋಳಿನ ಮೇಲಿಟ್ಟು ತಿರುವುತ್ತಿದ್ದರು. ದುಂಡನೆಯ ಆ ಕಲೆಯನ್ನು ನಮ್ಮ ತಾಯಂದಿರ ತೋಳಿನ ಮೇಲೆ ಇಂದಿಗೂ ಕಾಣಬಹುದು. ದೇವಿ ಡಾಕ್ಟರ ಓಣಿಗೆ ಬಂದನೆಂದರೆ ಕೂಸನ್ನು ಎತ್ತಿಕೊಂಡು ಮಗ್ಗದ ಕುಣಿಯಲ್ಲಿ ಇಳಿದು ಕುಳಿತ ಕಥೆಗಳನ್ನು ಬನಹಟ್ಟಿಯ ನೇಕಾರರ ಮನೆಗಳಲ್ಲಿ ನಗುನಗುತ್ತ ಹೇಳುತ್ತಾರೆ. ಕೂಸು ಅತ್ತರೆ ಮಗ್ಗದ ಸಪ್ಪಳದಲ್ಲಿ ಅದು ಅಡಗಬೇಕು! ಕವಲುಮೊನೆಯ ಸಣ್ಣ ಸೂಜಿ ಬಂದ ಮೇಲೆ ಈ ಹಿಂಸೆ ತಗ್ಗಿತು. ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿ ಆರಂಭವಾಗಿ, 1975ರ ಮೇ ತಿಂಗಳಿನಲ್ಲಿ ದೇಶದ ಕಡೆಯ ರೋಗಿ ದಾಖಲಾಗಿ, 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು. ನನ್ನ ತಲೆಮಾರಿನವರ ತೋಳಿನ ಮೇಲೆ ದೇವಿಯ ಕಲೆಯಿಲ್ಲ. ಕ್ಷಯದ ಬಿಸಿಜಿಯದೊಂದು ಸಣ್ಣ ಚುಕ್ಕೆಯಷ್ಟೇ ಇದೆ.

ಇಷ್ಟು ಹೇಳಿದ್ದು ಹುಟ್ಟಿದ ಕೂಸಿನ ಮಾತು. ಹೊಟ್ಟೆಯಲ್ಲಿರುವ ಕೂಸಿಗಾಗಿ ತಾಯಿ ತನ್ನ ತೋಳು ಒಡ್ಡುವ ಕಾಲ ಬಂದದ್ದು ತೀರ ಈಚೆಗೆ. ನಮ್ಮಲ್ಲಿ ಹೆರಿಗೆಯ ಐದನೆಯ ರಾತ್ರಿ ಶೆಟಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ನಂಬಿಕೆ. ಕೆಲವರು ‘ಸಟವಿ’ ಎನ್ನುತ್ತಾರೆ. ಆ ರಾತ್ರಿ ದೀಪ ಆರಬಾರದು. ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು ಬೂದಿಯೋ ಸಗಣಿಯೋ ಹಚ್ಚುತ್ತಿದ್ದ ದಿನಗಳಲ್ಲಿ ಧನುರ್ವಾಯು ಕೂಸಿಗೆ ಬರುತ್ತಿದ್ದದ್ದೂ ಹೆಚ್ಚಾಗಿ ಹುಟ್ಟಿದ ಮೂರನೆಯ ದಿನದಿಂದ ಎರಡನೆಯ ವಾರದೊಳಗೆ. ಮೊದಲು ಹಾಲು ಬಿಡುವುದು, ಆಮೇಲೆ ದವಡೆ ಕಟ್ಟುವುದು, ಮೈ ಬಿಲ್ಲಿನಂತೆ ಸೆಟೆಯುವುದು. ಐದನೆಯ ರಾತ್ರಿಯ ಆ ಎಚ್ಚರದ ಹಿಂದೆ ಎಷ್ಟೋ ತಲೆಮಾರುಗಳ ತಾಯಂದಿರು ಈ ದಿನಗಳಲ್ಲೇ ಕೂಸು ಕಳೆದುಕೊಂಡ ನೆನಪು ಇದ್ದೀತೇ? ಇದು ಊಹೆ. ಆದರೆ ಈ ಊಹೆ ಹೊಳೆದಂದಿನಿಂದ ಐದನೆಯ ರಾತ್ರಿಯ ದೀಪವನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದ್ದೇನೆ. ಬಸುರಿಯ ತೋಳಿಗೆ ಚುಚ್ಚಿದ ಮದ್ದು ಅವಳ ರಕ್ತದಲ್ಲಿ ರಕ್ಷೆಯನ್ನು ಹುಟ್ಟಿಸಿ, ಆ ರಕ್ಷೆ ಮಾಸದ ಮೂಲಕ ಕೂಸಿಗೆ ದಾಟುತ್ತದೆ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಶುರುವಾದ ಮೇಲೆ ಈ ಸೂಜಿ ಹಳ್ಳಿಹಳ್ಳಿಗೂ ಬಂತು. ಸೂಜಿಯೊಂದೇ ಅಲ್ಲ, ಆಸ್ಪತ್ರೆಯ ಹೆರಿಗೆಯೂ ಹೊಸ ಬ್ಲೇಡೂ ಕೂಡಿ ಬಂದವು. ತಾಯಿ-ಶಿಶು ಧನುರ್ವಾಯು ದೇಶದಲ್ಲಿ ನಿವಾರಣೆಯ ಮಟ್ಟಕ್ಕೆ ಇಳಿದಿದೆಯೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಬಸುರಿಯ ಸೂಜಿಗೆ ಮಾತ್ರ ನಮ್ಮ ಜನ ಯಾವ ದೇವಿಯ ಹೆಸರನ್ನೂ ಇಡಲಿಲ್ಲ. ‘ಟಿಟಿ’ ಎಂದರು. ಈಗ ಮದ್ದು ಬದಲಾಗಿ ‘ಟಿಡಿ’ ಆಗಿದ್ದರೂ ಬಾಯಿಗೆ ಬರುವುದು ಹಳೆಯ ಹೆಸರೇ.

ಹಾಗೆಂದು ತೂಗಿ ನೋಡುವ ಕೆಲಸ ಮುಗಿದಿಲ್ಲ. ಕೋವಿಡ್ ಕಾಲದಲ್ಲಿ, 2021ರ ಜನವರಿಯಲ್ಲಿ, ಬಸುರಿಯರಿಗೂ ಹಾಲೂಡುವ ತಾಯಂದಿರಿಗೂ ಲಸಿಕೆ ಬೇಡವೆಂದೇ ಸರಕಾರ ಹೇಳಿತ್ತು. ಮೇ ತಿಂಗಳಲ್ಲಿ ಹಾಲೂಡುವವರಿಗೆ ಸರಿಯೆಂದಿತು; ಜುಲೈಯಲ್ಲಿ ಬಸುರಿಯರಿಗೂ ಹಾಕಿಸಿಕೊಳ್ಳಬಹುದೆಂದಿತು. ಸಾಕ್ಷ್ಯ ಕೂಡಿದಂತೆ ನಿರ್ಣಯ ಬದಲಾಗುವುದು ಶಾಸ್ತ್ರದ ಕ್ರಮವೇ. ಆದರೆ ಐದು ತಿಂಗಳ ಬಸುರಿಗೆ ಕೇಳಿಸಿದ್ದು ನಿನ್ನೆಯ ‘ಬೇಡ’, ಇಂದಿನ ‘ಬೇಕು’. ನಡುವಿನ ಕಾರಣವನ್ನು ಕೂತು ಹೇಳಿದವರು ಎಷ್ಟು ಮಂದಿ?

ಇದಕ್ಕಿಂತ ಕಠಿಣವಾದದ್ದು 2022ರ ಜನವರಿಯಲ್ಲಿ ನಡೆಯಿತು. ಮುಧೋಳಕ್ಕೆ ನೆರೆಯಾದ, ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಕಾಪಿಟ್ಟ ರೀತಿಯಲ್ಲಿ ಲೋಪವಾಗಿತ್ತೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು, ಸಿಬ್ಬಂದಿಯನ್ನು ಅಮಾನತಿನಲ್ಲಿಟ್ಟರು. ದಡಾರಕ್ಕೆ ಬಲಿಯಾಗುತ್ತಿದ್ದ ಮಕ್ಕಳನ್ನು ಈ ಲಸಿಕೆಯೇ ಉಳಿಸಿದೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಸೀಸೆಯೊಳಗಿನ ಮದ್ದು ಬೇರೆ, ಅದನ್ನು ಹಿಡಿದ ಕೈ ಬೇರೆ ಎಂದು ನಾವು ಓದಿದವರು ವಿಂಗಡಿಸುತ್ತೇವೆ. ತಾಯಿಗೆ ಆ ವಿಂಗಡಣೆ ಸಾಲದು. ಅವಳ ಕೂಸಿಗೆ ಮುಟ್ಟುವುದು ಎರಡೂ ಕೂಡಿಯೇ. ಆ ವಾರ ಸುತ್ತಣ ಊರುಗಳಲ್ಲಿ ಕೂಸನ್ನು ಕರೆದುಕೊಂಡು ಹೋಗಲು ಹಿಂಜರಿದವಳನ್ನು ‘ತಿಳಿವಳಿಕೆಯಿಲ್ಲದವಳು’ ಎಂದು ಬೈದು ಪ್ರಯೋಜನವಿಲ್ಲ. ಮಂಜುಗಡ್ಡೆಯ ಪೆಟ್ಟಿಗೆಯನ್ನು ಅವಳ ಎದುರಿಗೇ ತೆರೆದು, ಸೀಸೆ ಯಾವಾಗ ಒಡೆದದ್ದೆಂದು ತೋರಿಸಬೇಕು. 1860ರ ತಾಯಿ ‘ಇದು ಯಾರ ಕೂಸಿನ ರಸ?’ ಎಂದು ಕೇಳಿದ್ದರೆ, ಈಗಿನವಳು ‘ಇದನ್ನು ಎಲ್ಲಿ ಇಟ್ಟಿದ್ದಿರಿ?’ ಎಂದು ಕೇಳುತ್ತಾಳೆ. ಎರಡೂ ನ್ಯಾಯವಾದ ಪ್ರಶ್ನೆಗಳೇ.

2005ರ ಬಳಿಕ ಓಣಿಯ ಹೆಣ್ಣುಮಗಳೇ ಆಶಾ ಕಾರ್ಯಕರ್ತೆಯಾಗಿ ತಾಯಿ ಕಾರ್ಡು ಹಿಡಿದು ಬರುವ ಏರ್ಪಾಡಾಯಿತು. ನೂರು ವರ್ಷದ ದೇವಿ ಡಾಕ್ಟರರಿಂದ ಆಗದ ಕೆಲಸ ಇವಳಿಂದ ಆಗುತ್ತಿರುವುದಕ್ಕೆ ಕಾರಣ ಅವಳ ಕೈಯಲ್ಲಿರುವ ಕಾಗದವಲ್ಲ. ಕಬ್ಬು ಕಡಿಯಲು ಹೋಗಿ ಬಂದ ಗುಡಿಸಲಿನ ಬಾಣಂತಿಯಾಗಲಿ, ರಬಕವಿಯ ವಿದ್ಯುನ್ಮಗ್ಗದ ಮನೆಯ ಸೊಸೆಯಾಗಲಿ, ಒಂದೂವರೆ ತಿಂಗಳ ಸೂಜಿಗೆ ಕೂಸಿನ ಮೈ ಕಾಯುತ್ತದೆಯೆಂದು ಅಂಜಿದಾಗ ಕಾರ್ಡಿನಲ್ಲಿ ಏನು ಅಚ್ಚಾಗಿದೆಯೆಂದು ನೋಡುವುದಿಲ್ಲ. ಎದುರಿಗೆ ಕುಳಿತವಳ ಮುಖ ನೋಡಿ ಕೇಳುತ್ತಾಳೆ: “ನಿನ್ನ ಕೂಸಿಗೆ ಹಾಕ್ಸೀಯೇನ ಅಕ್ಕಾ?” ಆಶಾ ಅಕ್ಕ ಹೊರಗೆ ಆಡುತ್ತಿರುವ ತನ್ನ ಮಗಳನ್ನು ಕೂಗಿ ಕರೆಯುತ್ತಾಳೆ.